ಹದಿನಾರು ಗುಂಡಿಗಳ ಕಾಗುಣಿತ

ಪೂರ್ಣ ಅಳತೆಯ ಕಂಪ್ಯೂಟರ್ ಕೀಲಿಮಣೆಯಲ್ಲಿ 104 ಕೀಗಳಿರುತ್ತವೆ. ಎಕ್ಸ್‌ಬಾಕ್ಸ್ ಮಾದರಿಯ ಗೇಮ್ ಕಂಟ್ರೋಲರಿನಲ್ಲಿ ಆಟಕ್ಕೆ ಒದಗುವ ಗುಂಡಿಗಳು 16. ಬಲಗೈ ಹೆಬ್ಬೆರಳಿನ ಕೆಳಗೆ ನಾಲ್ಕು, ಎಡಗಡೆ ಅಧಿಕ ಚಿಹ್ನೆಯಂತಿರುವ ದಿಕ್ಕುಗುಂಡಿಯ ನಾಲ್ಕು ತುದಿ, ತೋರುಬೆರಳಿಗೆ ಸಿಗುವ ಎರಡು ಬಂಪರ್ ಮತ್ತು ಎರಡು ಟ್ರಿಗರ್, ನಡುವೆ ಎರಡು ಪುಟ್ಟ ಗುಂಡಿ, ಒಳಕ್ಕೆ ಅದುಮಿದರೆ ಗುಂಡಿಯಂತೆಯೇ ಕೆಲಸ ಮಾಡುವ ಎರಡು ಸ್ಟಿಕ್. ಕೀಲಿಮಣೆಯನ್ನೇ ನಂಬಿ ಬೆಳೆದ ಆನ್‌ಲೈನ್ ಪಾತ್ರಧಾರಿ ಆಟಗಳನ್ನು ಕಂಟ್ರೋಲರಿನಲ್ಲಿ ಆಡುವುದೆಂದರೆ 104ರ ಕೆಲಸವನ್ನು ಈ 16ರಿಂದ ಮಾಡಿಸುವುದು.

ಪಾತ್ರಧಾರಿ ಆಟದಲ್ಲಿ ಆಡುವವರು ಒಂದು ವೇಷ ಕಟ್ಟಿಕೊಳ್ಳುತ್ತಾರೆ. ಒಬ್ಬರು ಕತ್ತಿ ಹಿಡಿದವರು, ಇನ್ನೊಬ್ಬರು ಮಂತ್ರ ಹಾಕುವವರು, ಮತ್ತೊಬ್ಬರು ಜೊತೆಯವರ ಗಾಯ ಮಾಯಿಸುವವರು. ಬೇರೆ ಬೇರೆ ದೇಶಗಳ ಸಾವಿರಾರು ಜನ ಒಂದೇ ಲೋಕದಲ್ಲಿ ಸೇರಿ, ಗುಂಪು ಕಟ್ಟಿ, ತಿಂಗಳುಗಟ್ಟಲೆ ಆಡುತ್ತಾರೆ. ವೇಷ ಬಲಿತಂತೆ ವಿದ್ಯೆಗಳು ಹೆಚ್ಚುತ್ತ ಹೋಗುತ್ತವೆ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಂಥ ಆಟದ ಬಲಿತ ಪಾತ್ರದ ಬಳಿ ಆಗಾಗ ಬೇಕಾಗುವ ಪಟ್ಟುಗಳೇ ಎರಡು ಮೂರು ಡಜನ್. ಆಟದ ತೆರೆಯ ಮೇಲಿನ ಮುಖ್ಯ ಸಾಲಿನಲ್ಲಿ 12 ಮನೆಗಳಿದ್ದು, ಒಂದೊಂದಕ್ಕೂ ಕೀಲಿಮಣೆಯ ಮೇಲ್ಸಾಲಿನ ಒಂದೊಂದು ಕೀ ಗೊತ್ತುಪಡಿಸಿದೆ. ಇದರ ಮೇಲೆ ನಕ್ಷೆ, ಚೀಲ, ಸಂದೇಶ, ಸವಾರಿ ಪ್ರಾಣಿ, ಗುಂಪಿನ ಪಟ್ಟಿ.

ಈ ಆಟಗಳು ಕೀಲಿಮಣೆಗೆ ಅಂಟಿಕೊಂಡದ್ದಕ್ಕೆ ಕಾರಣ ಅವುಗಳ ಹುಟ್ಟಿನಲ್ಲಿದೆ. ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಆರಂಭಿಸಿ, ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಎಂಬ ಆಟದಲ್ಲಿ ಚಿತ್ರವೇ ಇರಲಿಲ್ಲ. ಉತ್ತರಕ್ಕೆ ಹೋಗು, ದೀಪ ಎತ್ತಿಕೋ ಎಂದು ಬೆರಳಚ್ಚು ಮಾಡಿದರೆ ಉತ್ತರವೂ ಅಕ್ಷರದಲ್ಲೇ ಬರುತ್ತಿತ್ತು. 1997ರ ‘ಅಲ್ಟಿಮಾ ಆನ್‌ಲೈನ್’, 1999ರ ‘ಎವರ್‌ಕ್ವೆಸ್ಟ್’ ಚಿತ್ರಗಳನ್ನೇನೋ ತಂದವು, ಆದರೆ ಆಡುವವರ ಕೈ ಕೀಲಿಮಣೆಯ ಮೇಲೆಯೇ ಉಳಿಯಿತು. ಮಾತಾಡಲು ಅದು ಹೇಗೂ ಬೇಕು. ಕೈ ಅಲ್ಲೇ ಇರುವಾಗ ಹೊಸ ವಿದ್ಯೆಗೆ ಹೊಸ ಕೀ ಕೊಡುವುದು ಆಟ ಕಟ್ಟುವವರಿಗೂ ಸುಲಭ. 2004ರ ನವೆಂಬರಿನಲ್ಲಿ ಬಂದ ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಈ ರೂಢಿಯನ್ನು ಗಟ್ಟಿ ಮಾಡಿತು. ಎಡಗೈ ಕೀಲಿಮಣೆಯ ಮೇಲೆ, ಬಲಗೈ ಮೌಸಿನ ಮೇಲೆ.

ಕಂಟ್ರೋಲರಿನ ವಂಶವೇ ಬೇರೆ. ಅದರ ದಿಕ್ಕುಗುಂಡಿ ನಿಂಟೆಂಡೊದ ಗುನ್‌ಪೆ ಯೊಕೊಯ್ 1982ರಲ್ಲಿ ಅಂಗೈಯಗಲದ ‘ಡಾಂಕಿ ಕಾಂಗ್’ ಆಟಕ್ಕೆಂದು ರೂಪಿಸಿದ್ದು. ಮರುವರ್ಷದ ಫ್ಯಾಮಿಕಾಮ್ ಯಂತ್ರದ ಮೂಲಕ ಅದು ಮನೆಮನೆಗೆ ಹೋಯಿತು. ಆ ಯಂತ್ರದ ಅಗ್ಗದ ನಕಲುಗಳೇ 1990ರ ದಶಕದಲ್ಲಿ ನಮ್ಮ ಸಂತೆ–ಪೇಟೆಗಳಲ್ಲಿ ಕ್ಯಾಸೆಟ್ ಹಾಕಿ ಆಡುವ ‘ಟಿವಿ ಗೇಮ್’ ಎಂದು ಮಾರಾಟವಾದವು. ಕಂಟ್ರೋಲರನ್ನು ಇಂದಿಗೂ ಅನೇಕರು ‘ರಿಮೋಟ್’ ಎನ್ನುವುದು ಆ ಕಾಲದ ಬಳುವಳಿ. ಎರಡು ಸ್ಟಿಕ್‌ಗಳೂ ನಡುಗುವ ಮೋಟಾರೂ ಉಳ್ಳ ಸೋನಿಯ ಡ್ಯುಯಲ್‌ಶಾಕ್ ಬಂದದ್ದು 1997ರಲ್ಲಿ. 2005ರಲ್ಲಿ ಎಕ್ಸ್‌ಬಾಕ್ಸ್ 360 ಜೊತೆಗೆ ಮೈಕ್ರೋಸಾಫ್ಟ್ ‘ಎಕ್ಸ್‌ಇನ್‌ಪುಟ್’ ಎಂಬ ಒಪ್ಪಂದವನ್ನು ತಂದಿತು. ಯಾವ ಗುಂಡಿಯ ಹೆಸರೇನು, ಸ್ಟಿಕ್ ಎಷ್ಟು ಬಾಗಿದೆ ಎಂಬುದನ್ನು ಕಂಪ್ಯೂಟರಿಗೆ ಒಂದೇ ರೀತಿ ಹೇಳುವ ಕ್ರಮ ಅದು. ಅದಕ್ಕೆ ಮೊದಲಿನ ‘ಡೈರೆಕ್ಟ್‌ಇನ್‌ಪುಟ್’ ಕಾಲದಲ್ಲಿ ಒಂದು ಕಂಪನಿಯ ಒಂದನೇ ಗುಂಡಿ ಇನ್ನೊಂದು ಕಂಪನಿಯಲ್ಲಿ ಮೂರನೆಯದಾಗಿರುತ್ತಿತ್ತು. ಇಂದು ರೆಡ್‌ಗೇರ್, ಕಾಸ್ಮಿಕ್ ಬೈಟ್ ಮುಂತಾದ ಹೆಸರಿನಲ್ಲಿ ಇಲ್ಲಿ ಸಿಗುವ ಅಗ್ಗದ ಕಂಟ್ರೋಲರುಗಳೂ ಎಕ್ಸ್‌ಇನ್‌ಪುಟ್ ಮಾತಾಡುತ್ತವೆ.

ಹದಿನಾರರಿಂದ ನೂರನ್ನು ಹೊರಡಿಸುವ ವಿದ್ಯೆ ಕನ್ನಡಿಗರಿಗೆ ಹೊಸದಲ್ಲ. ವರ್ಣಮಾಲೆಯ ಅಕ್ಷರಗಳು 49. ಅದರಲ್ಲಿ 34 ವ್ಯಂಜನಗಳಿಗೆ 13 ಸ್ವರ, 2 ಯೋಗವಾಹ ಸೇರಿದಾಗ ಕಾಗುಣಿತದ ರೂಪಗಳೇ 510 ಆಗುತ್ತವೆ, ಒತ್ತಕ್ಷರಗಳ ಲೆಕ್ಕ ಬೇರೆ. ಇದನ್ನು ಇಂಗ್ಲಿಷಿನ 26 ಕೀಗಳಲ್ಲಿ ಕೂರಿಸುವ ಕೆಲಸವನ್ನು ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಮಾಡಿತು. ನುಡಿ ತಂತ್ರಾಂಶ ಬಳಸುವವರಿಗೆಲ್ಲ ಅದರ ಪರಿಚಯವಿದೆ. ಪ್ರತಿ ರೂಪಕ್ಕೂ ಒಂದು ಕೀ ಎಂಬ ಹಾದಿಯನ್ನು ಅದು ಬಿಟ್ಟಿತು. ‘ಕೆ’ ಕೀ ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ವ್ಯಂಜನದ ಬೆನ್ನಿಗೆ ಸ್ವರ ಒತ್ತಿದರೆ ಗುಣಿತ. ನಡುವೆ ‘ಎಫ್’ ಬಂದರೆ ಒತ್ತು. ಕೀಗಳ ಸಂಖ್ಯೆ ಅಷ್ಟೇ ಇದ್ದರೂ ಹಿಡಿಯುವುದು, ಸೇರಿಸುವುದು, ಒಂದರ ಬೆನ್ನಿಗೆ ಇನ್ನೊಂದನ್ನು ಒತ್ತುವುದು ಎಂಬ ಮೂರು ಉಪಾಯಗಳಿಂದ ಇಡೀ ಲಿಪಿ ಮೂಡುತ್ತದೆ. ಕಂಟ್ರೋಲರಿನ ಮೇಲೆ ಪಾತ್ರಧಾರಿ ಆಟ ಕೂರುವುದೂ ಇದೇ ಮೂರು ಉಪಾಯಗಳಿಂದ. ಪ್ರತಿ ಕೀಗೂ ಬದಲಿ ಗುಂಡಿ ಹುಡುಕಲು ಹೊರಟವರು ಹದಿನಾರಕ್ಕೆ ಮುಗ್ಗರಿಸುತ್ತಾರೆ, ಗುಂಡಿಗಳಿಗೆ ಕಾಗುಣಿತ ಬರೆದವರಿಗೆ ಜಾಗ ಮಿಗುತ್ತದೆ.

ಅತ್ಯಂತ ಅಚ್ಚುಕಟ್ಟಾದ ಕಾಗುಣಿತ ‘ಫೈನಲ್ ಫ್ಯಾಂಟಸಿ 14’ ಆಟದ್ದು. 2010ರಲ್ಲಿ ಬಂದು ಸೋತ ಈ ಆಟವನ್ನು ನಿರ್ಮಾಪಕ ನಾವೊಕಿ ಯೋಶಿದಾ ತಂಡ ಬುಡದಿಂದ ಮತ್ತೆ ಕಟ್ಟಿ, 2013ರ ಆಗಸ್ಟಿನಲ್ಲಿ ಕಂಪ್ಯೂಟರ್ ಮತ್ತು ಪ್ಲೇಸ್ಟೇಷನ್ 3 ಎರಡಕ್ಕೂ ಒಟ್ಟಿಗೆ ಬಿಟ್ಟಿತು. ಒಂದೇ ಲೋಕದಲ್ಲಿ ಕೀಲಿಮಣೆಯವರೂ ಕಂಟ್ರೋಲರಿನವರೂ ಹೆಗಲಿಗೆ ಹೆಗಲು ಕೊಟ್ಟು ಆಡಬೇಕಿದ್ದುದರಿಂದ ಒಬ್ಬರಿಗೆ ಕಡಿಮೆ, ಇನ್ನೊಬ್ಬರಿಗೆ ಹೆಚ್ಚು ಎನ್ನುವಂತಿರಲಿಲ್ಲ. ಅವರು ಕಂಡುಕೊಂಡ ದಾರಿಯ ಹೆಸರು ‘ಕ್ರಾಸ್ ಹಾಟ್‌ಬಾರ್’. ಎಡಗಡೆಯ ದಿಕ್ಕುಗುಂಡಿಯ ನಾಲ್ಕು ತುದಿ, ಬಲಗಡೆಯ ನಾಲ್ಕು ಗುಂಡಿ ಸೇರಿ ಎಂಟು. ಎಡ ಟ್ರಿಗರ್ ಹಿಡಿದಾಗ ಈ ಎಂಟಕ್ಕೆ ಒಂದು ಅರ್ಥ, ಬಲ ಟ್ರಿಗರ್ ಹಿಡಿದಾಗ ಇನ್ನೊಂದು, ಅಲ್ಲಿಗೆ 16. ಎಡವನ್ನು ಹಿಡಿದ ಮೇಲೆ ಬಲವನ್ನೂ ಹಿಡಿದರೆ ಮತ್ತೊಂದು ಎಂಟು, ಬಲ ಮೊದಲಾಗಿ ಎಡ ಆಮೇಲೆ ಬಂದರೆ ಮಗದೊಂದು ಎಂಟು, ಅಲ್ಲಿಗೆ 32. ಟ್ರಿಗರನ್ನು ಚಕಚಕನೆ ಎರಡು ಸಲ ತಟ್ಟಿ ಹಿಡಿಯುವ ಕ್ರಮವನ್ನೂ ಬಳಸಿದರೆ 48. ಇವೆಲ್ಲ ತೆರೆಯ ಮೇಲೆ ಎರಡು ಅಧಿಕ ಚಿಹ್ನೆಗಳಂತೆ, ಕೈಯಲ್ಲಿರುವ ಗುಂಡಿಗಳ ಆಕಾರದಲ್ಲೇ ಕಾಣುತ್ತವೆ. ಇದು ಸಣ್ಣ ಸಂಗತಿಯಲ್ಲ. ಕಣ್ಣಿಗೆ ಕಂಡ ಜಾಗವೂ ಬೆರಳಿಗೆ ಸಿಗುವ ಜಾಗವೂ ಒಂದೇ ಆದಾಗ ಕಲಿಕೆ ವಾರದ ಮಾತು. ಅಡ್ಡಸಾಲಿನ 12 ಮನೆಗಳನ್ನು ಮನಸ್ಸಿನಲ್ಲೇ ಗುಂಡಿಗಳಿಗೆ ತಾಳೆ ಹಾಕಬೇಕಾದರೆ ಅದೇ ಕಲಿಕೆಗೆ ತಿಂಗಳುಗಳು ಹಿಡಿಯುತ್ತವೆ.

‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’ ಬೇರೆ ಹಾದಿ ಹಿಡಿಯಿತು. ಅಲ್ಲಿ ಪಾತ್ರ ಎಷ್ಟೇ ವಿದ್ಯೆ ಕಲಿತಿದ್ದರೂ ಕಾಳಗಕ್ಕೆ ಕೊಂಡೊಯ್ಯುವುದು ಐದು ಪಟ್ಟು, ಒಂದು ಮಹಾಪಟ್ಟು ಇರುವ ಒಂದು ಸಾಲು. ಆಯುಧ ಬದಲಿಸಿದರೆ ಅಂಥದೇ ಇನ್ನೊಂದು. ಬೇಡಿಕೆಯೇ ಕಡಿಮೆಯಾದಾಗ ಗುಂಡಿಗಳ ಕೊರತೆ ತಾನಾಗಿ ಕರಗುತ್ತದೆ. ಕಂಪ್ಯೂಟರಿಗೆ 2014ರಲ್ಲೂ ಕನ್ಸೋಲ್‌ಗಳಿಗೆ 2015ರಲ್ಲೂ ಬಂದ ಈ ಆಟದಲ್ಲಿ ಕಂಟ್ರೋಲರ್ ಹಿಡಿದವರು ಯಾರ ದಯೆಯನ್ನೂ ಬೇಡಬೇಕಿಲ್ಲ.

ಗುಂಡಿಗಳ ಲೆಕ್ಕವನ್ನೇ ದೊಡ್ಡದು ಮಾಡುವವರು ಮರೆಯುವುದು ಗುರಿ ಹಿಡಿಯುವ ಕಷ್ಟವನ್ನು. ಇಪ್ಪತ್ತು ವೈರಿಗಳ ನಡುವಿನ ಒಬ್ಬನನ್ನು ಮೌಸ್ ಒಂದು ಕ್ಲಿಕ್ಕಿನಲ್ಲಿ ಹಿಡಿಯುತ್ತದೆ. ಸ್ಟಿಕ್ ಬಾಣವನ್ನು ತಳ್ಳಿಕೊಂಡು ಹೋಗಬೇಕು, ಅಷ್ಟರಲ್ಲಿ ಆ ವೈರಿ ಜಾಗ ಬಿಟ್ಟಿರುತ್ತಾನೆ. ಆದ್ದರಿಂದ ಕಂಟ್ರೋಲರಿಗೆ ಒಗ್ಗಿದ ಆಟಗಳಲ್ಲಿ ಬಾಣದ ಬದಲು ಸರದಿ ಇರುತ್ತದೆ. ಒಂದು ಒತ್ತಿಗೆ ಎದುರಿನ ಹತ್ತಿರದ ವೈರಿ, ಮತ್ತೊಂದು ಒತ್ತಿಗೆ ಅವನ ಪಕ್ಕದವನು. ಗಾಯ ಮಾಯಿಸುವ ಪಾತ್ರದವರ ಪಾಡು ಇನ್ನೂ ಸೂಕ್ಷ್ಮ. ‘ಫೈನಲ್ ಫ್ಯಾಂಟಸಿ 14’ರಲ್ಲಿ ದಿಕ್ಕುಗುಂಡಿಯ ಮೇಲು–ಕೆಳಗು ಒತ್ತುತ್ತ ಗುಂಪಿನ ಪಟ್ಟಿಯಲ್ಲಿ ಹತ್ತಿ ಇಳಿಯಬೇಕು. ನಾಲ್ವರ ಗುಂಪಿನಲ್ಲಿ ಇದು ಸಲೀಸು, ಎಂಟು ಜನರಿದ್ದರೂ ನಿಭಾಯಿಸಬಹುದು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನ ಇಪ್ಪತ್ತು ಜನರ ದಂಡಿನಲ್ಲಿ ಸಾಯುತ್ತಿರುವ ಹದಿನೇಳನೆಯವನನ್ನು ಹೀಗೆ ಹುಡುಕುವ ಹೊತ್ತಿಗೆ ಅವನ ಕತೆ ಮುಗಿದಿರುತ್ತದೆ. ಕಂಟ್ರೋಲರಿನಲ್ಲಿ ಹೊಸದಾಗಿ ತೊಡಗುವವರು ಮುಂದೆ ನಿಂತು ಹೊಡೆತ ತಡೆಯುವ ಪಾತ್ರವನ್ನೋ ಹತ್ತಿರದಿಂದ ಕಾದುವ ಪಾತ್ರವನ್ನೋ ಆರಿಸಿಕೊಳ್ಳುವುದು ಜಾಣತನ. ನೆಲದ ಮೇಲೆ ವೃತ್ತ ಇಟ್ಟು ಮಂತ್ರ ಹಾಕುವ ಪಾತ್ರಗಳು ಸ್ಟಿಕ್‌ಗೆ ಕೊನೆಯವರೆಗೂ ತೊಡಕೇ.

ಕಂಟ್ರೋಲರನ್ನು ಆಟದೊಳಕ್ಕೆ ತರುವ ದಾರಿಗಳು ಮೂರು. ಮೊದಲನೆಯದು ಆಟವೇ ಬಾಗಿಲು ತೆರೆದಿರುವುದು. ‘ಫೈನಲ್ ಫ್ಯಾಂಟಸಿ 14’, ‘ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್’, 2002ರ ‘ಫೈನಲ್ ಫ್ಯಾಂಟಸಿ 11’, 2011ರ ‘ಡಿಸಿ ಯೂನಿವರ್ಸ್ ಆನ್‌ಲೈನ್’ ಈ ಜಾತಿಯವು. ಎರಡನೆಯದು ಆಟ ಅರ್ಧ ಬಾಗಿಲು ತೆರೆದು, ಉಳಿದದ್ದನ್ನು ಆಟಗಾರರಿಗೆ ಬಿಡುವುದು. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ ಹದಿನಾರು ವರ್ಷ ಕಂಟ್ರೋಲರಿನತ್ತ ನೋಡಲಿಲ್ಲ. 2020ರ ಅಕ್ಟೋಬರಿನಲ್ಲಿ ಕಂಟ್ರೋಲರಿನ ಸಂಕೇತಗಳನ್ನು ಅದು ಒಳಗೊಳಗೇ ಗುರುತಿಸತೊಡಗಿತು, ಆದರೆ ಅದಕ್ಕೆ ತಕ್ಕ ಪರದೆಯನ್ನು ಕೊಡಲಿಲ್ಲ. ಆ ಪರದೆಯನ್ನು ಒದಗಿಸುವುದು ‘ಕನ್ಸೋಲ್‌ಪೋರ್ಟ್’ ಎಂಬ ಉಚಿತ ಜೋಡಣೆ, ಅದೂ ಆಟಗಾರರ ವಲಯದಿಂದಲೇ ಬಂದದ್ದು. ಅದನ್ನು ಹಾಕಿಕೊಂಡರೆ ಪಟ್ಟುಗಳು ಗುಂಡಿಗಳ ಸುತ್ತ ಗೊಂಚಲಾಗಿ ನಿಲ್ಲುತ್ತವೆ, ಚೀಲ–ನಕ್ಷೆಗಳ ನಡುವೆ ದಿಕ್ಕುಗುಂಡಿಯಿಂದಲೇ ಓಡಾಡಬಹುದು.

ಮೂರನೆಯದು ಹೊರಗಿನ ದುಭಾಷಿ. ‘ಗಿಲ್ಡ್ ವಾರ್ಸ್ 2’ರಂಥ ಆಟಗಳಿಗೆ ಇದೇ ಗತಿ. ಆಟ ಬಲ್ಲದ್ದು ಕೀಲಿಮಣೆ ಮತ್ತು ಮೌಸಿನ ಭಾಷೆಯನ್ನಷ್ಟೆ. ಕಂಟ್ರೋಲರ್ ಹೇಳಿದ್ದನ್ನು ಆ ಭಾಷೆಗೆ ತಿರುಗಿಸುವ ತಂತ್ರಾಂಶ ನಡುವೆ ಕೂರುತ್ತದೆ. ಜಾಯ್‌ಟುಕೀ, ಆಂಟಿಮೈಕ್ರೊಎಕ್ಸ್ ಇಂಥವು. ವಾಲ್ವ್ ಕಂಪನಿಯ ‘ಸ್ಟೀಮ್ ಇನ್‌ಪುಟ್’ ಇವುಗಳಲ್ಲಿ ಬಲು ದೊಡ್ಡದು. ಸ್ಟೀಮ್‌ನಲ್ಲಿ ಕೊಳ್ಳದ ಆಟವನ್ನೂ ಅದರ ಪಟ್ಟಿಗೆ ಸೇರಿಸಿ ಬಳಸಿಕೊಳ್ಳಬಹುದು. ಗುಂಡಿ ಹಿಡಿದಾಗ ಒಂದು ಕೀ, ತಟ್ಟಿದಾಗ ಇನ್ನೊಂದು ಎಂದು ಹೇಳಿಕೊಡಬಹುದು. ಸ್ಟಿಕ್ ತಿರುಗಿಸಿದರೆ ತಟ್ಟೆಯ ಅಂಚಿನಂತೆ ಸುತ್ತ ಹರಡುವ ಆಯ್ಕೆಗಳ ಚಕ್ರ ಮೂಡಿಸಬಹುದು. ಬೇರೆಯವರು ಮಾಡಿಟ್ಟ ವಿನ್ಯಾಸಗಳನ್ನು ಇಳಿಸಿಕೊಳ್ಳಲೂ ಬರುತ್ತದೆ. 2015ರಲ್ಲಿ ಬಂದ ಸ್ಟೀಮ್ ಕಂಟ್ರೋಲರ್ ಮಾರುಕಟ್ಟೆಯಲ್ಲಿ ಬಾಳದೆ 2019ರಲ್ಲಿ ನಿಂತುಹೋಯಿತು. ಅದಕ್ಕೆಂದು ಬರೆದ ಈ ದುಭಾಷಿ ಮಾತ್ರ ಉಳಿದು, 2022ರ ಸ್ಟೀಮ್ ಡೆಕ್ ಎಂಬ ಕೈಯಂತ್ರಕ್ಕೂ ಆಧಾರವಾಯಿತು.

ದುಭಾಷಿ ಎಷ್ಟೇ ಜಾಣನಾದರೂ ಅನುವಾದದಲ್ಲಿ ಏನೋ ಕಳೆಯುತ್ತದೆ. ಸ್ಟಿಕ್‌ಗೆ ದಿಕ್ಕುಗಳ ಮಿತಿಯಿಲ್ಲ. ಸ್ವಲ್ಪ ಬಾಗಿಸಿದರೆ ನಡಿಗೆ, ಪೂರ್ತಿ ಬಾಗಿಸಿದರೆ ಓಟ. ಅದನ್ನು ನಡಿಗೆಯ ನಾಲ್ಕು ಕೀಗಳಿಗೆ ಅನುವಾದಿಸಿದರೆ ಉಳಿಯುವುದು ಎಂಟು ದಿಕ್ಕು, ಒಂದೇ ವೇಗ. ಕಡಿದಾದ ಅಂಚಿನ ಮೇಲೆ ಓಡುವಾಗ ಈ ಕೊರತೆ ಕಾಲಿಗೆ ಗೊತ್ತಾಗುತ್ತದೆ. ಬಲ ಸ್ಟಿಕ್‌ದು ಇನ್ನೊಂದು ಗೋಳು. ಈ ಆಟಗಳಲ್ಲಿ ಸುತ್ತ ನೋಡಲು ಮೌಸಿನ ಬಲಗುಂಡಿ ಹಿಡಿದು ಎಳೆಯಬೇಕು, ವಸ್ತು ಆರಿಸಲು ಹಿಡಿಯದೆ ಬಾಣ ಸರಿಸಬೇಕು. ಒಂದೇ ಸ್ಟಿಕ್ ಎರಡೂ ಆಗಬೇಕಾದ್ದರಿಂದ ನೋಟದ ಹೊತ್ತು, ಬಾಣದ ಹೊತ್ತು ಎಂದು ಬದಲಿಸಲು ಒಂದು ಗುಂಡಿಯನ್ನು ಮೀಸಲಿಡಲೇಬೇಕು. ಇದನ್ನು ಮರೆತು ಮಾಡಿದ ವಿನ್ಯಾಸಗಳೇ ಮೊದಲ ದಿನ ಬೇಸರ ತರಿಸಿ ಕಂಟ್ರೋಲರನ್ನು ಕಪಾಟಿಗೆ ಸೇರಿಸುವುದು.

ವಿನ್ಯಾಸ ಮಾಡುವಾಗ ಲೆಕ್ಕಕ್ಕೆ ಹಿಡಿಯಬೇಕಾದದ್ದು ಹೆಬ್ಬೆರಳು. ಹತ್ತು ಬೆರಳಿಗೆ ಹಂಚಿದ್ದ ಕೆಲಸ ಕಂಟ್ರೋಲರಿನಲ್ಲಿ ಎರಡು ಹೆಬ್ಬೆರಳು, ಎರಡು ತೋರುಬೆರಳುಗಳ ಮೇಲೆ ಬೀಳುತ್ತದೆ. ಎಡ ಹೆಬ್ಬೆರಳು ಓಡುವ ಸ್ಟಿಕ್ ಮೇಲಿರುವಷ್ಟು ಹೊತ್ತು ದಿಕ್ಕುಗುಂಡಿ ಅದಕ್ಕೆ ನಿಲುಕದು. ಬಲ ಹೆಬ್ಬೆರಳು ಸುತ್ತ ನೋಡುತ್ತಿರುವಷ್ಟು ಹೊತ್ತು ಬಲಗಡೆಯ ನಾಲ್ಕು ಗುಂಡಿಗಳೂ ದೂರ. ಹೀಗಾಗಿ ಕ್ಷಣಕ್ಷಣಕ್ಕೂ ಬೇಕಾಗುವ ಹೊಡೆತಗಳು ಬಲಗಡೆಯ ನಾಲ್ಕರಲ್ಲಿ, ಒಂದೊಂದು ಟ್ರಿಗರ್ ಹಿಡಿದಾಗ ತೆರೆಯುವ ಎರಡು ಪದರಗಳಲ್ಲಿ ಇರಬೇಕು. ಓಡುತ್ತಲೇ ಬೇಕಾಗುವ ನೆಗೆತ, ತಪ್ಪಿಸಿಕೊಳ್ಳುವ ಉರುಳು ಬಂಪರುಗಳಿಗೆ ಸೇರಿದರೆ ಹೆಬ್ಬೆರಳು ಸ್ಟಿಕ್ ಬಿಡಬೇಕಾಗಿಲ್ಲ. ನಿಂತು ಮಾಡುವ ಕೆಲಸಗಳನ್ನು, ಅಂದರೆ ಊಟ, ಸವಾರಿ, ನಕ್ಷೆ, ದೀರ್ಘ ಮಂತ್ರಗಳನ್ನು ದಿಕ್ಕುಗುಂಡಿಗೆ ತಳ್ಳಬಹುದು. ಪ್ರಾಣ ಉಳಿಸುವ ಒಂದೆರಡು ಪಟ್ಟುಗಳನ್ನು ಎರಡು ಟ್ರಿಗರ್ ಒಟ್ಟಿಗೆ ಹಿಡಿಯುವ ಪದರದಲ್ಲಿಟ್ಟರೆ ಗಾಬರಿಯಲ್ಲೂ ಬೆರಳು ತಪ್ಪುವುದಿಲ್ಲ, ಗಾಬರಿಯಾದಾಗ ಎರಡೂ ಕೈ ಬಿಗಿಯಾಗುವುದು ಹೇಗೂ ಸಹಜ ತಾನೆ. ಸ್ಟಿಕ್ ಅದುಮುವ ಗುಂಡಿಗಳಿಗೆ ಮಹತ್ವದ್ದೇನನ್ನೂ ಕೊಡದಿರುವುದು ಒಳಿತು. ಓಟದ ರಭಸದಲ್ಲಿ ಅವು ತಾವಾಗಿ ಅದುಮಿಕೊಳ್ಳುತ್ತವೆ. ಬೆನ್ನಿಗೆ ಹೆಚ್ಚುವರಿ ಗುಂಡಿಗಳಿರುವ ಕಂಟ್ರೋಲರುಗಳು ಬೆಲೆ ಹೆಚ್ಚಾದರೂ ಈ ಆಟಗಳ ಮಟ್ಟಿಗೆ ಹಣ ವ್ಯರ್ಥವಲ್ಲ. ಸುಮ್ಮನೆ ಕೂತಿರುವ ಉಂಗುರಬೆರಳಿಗೆ ಅವು ಕೆಲಸ ಕೊಡುತ್ತವೆ.

ಮೊದಲ ಸಲ ಜೋಡಿಸುವಾಗ ತಂತಿಯಿಂದಲೇ ಜೋಡಿಸಬೇಕು. ತೊಂದರೆ ಬ್ಲೂಟೂತಿನದೋ ಆಟದ್ದೋ ಎಂಬ ಗೊಂದಲ ಇರುವುದಿಲ್ಲ. ಅಗ್ಗದ ಕಂಟ್ರೋಲರುಗಳಲ್ಲಿ ಎಕ್ಸ್‌ಇನ್‌ಪುಟ್, ಡೈರೆಕ್ಟ್‌ಇನ್‌ಪುಟ್ ನಡುವೆ ಬದಲಿಸುವ ಗುಂಡಿ ಇರುತ್ತದೆ. ಆಟ ಕಂಟ್ರೋಲರನ್ನೇ ಗುರುತಿಸದಿದ್ದರೆ ನೋಡಬೇಕಾದ ಮೊದಲ ಜಾಗ ಅದು. ಆಟದ ಒಳಗಿನ ಬೆಂಬಲ, ಹೊರಗಿನ ದುಭಾಷಿ ಎರಡೂ ಒಟ್ಟಿಗೆ ಚಾಲೂ ಇದ್ದರೆ ಒಂದು ಒತ್ತಿಗೆ ಎರಡು ಕೆಲಸ ಆಗಿ ಪಾತ್ರ ಹುಚ್ಚು ಹಿಡಿದಂತೆ ಆಡುತ್ತದೆ. ಒಂದನ್ನು ಆರಿಸಬೇಕು. ಹದಿನಾರೂ ಗುಂಡಿಗಳನ್ನು ಒಂದೇ ದಿನ ತುಂಬಿಸುವ ಅಗತ್ಯವಿಲ್ಲ. ಹೊಸ ಪಾತ್ರವನ್ನು ಮೊದಲ ಮೆಟ್ಟಿಲಿನಿಂದ ಆಡಿಸಿ, ವಿದ್ಯೆ ಬಂದಂತೆ ಒಂದೊಂದೇ ಗುಂಡಿಗೆ ಸೇರಿಸುವುದು ಬೆರಳಿಗೆ ಹಿತ.

ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಜತ್ತ ತಾಲ್ಲೂಕಿನಂಥ ಕಡೆ ಕೂತು ಆಡುವವರಿಗೆ ಸರ್ವರಿನ ದೂರ ಇನ್ನೊಂದು ಲೆಕ್ಕ. ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ಗಾಗಲಿ ‘ಫೈನಲ್ ಫ್ಯಾಂಟಸಿ 14’ಕ್ಕಾಗಲಿ ಭಾರತದಲ್ಲಿ ಸರ್ವರಿಲ್ಲ. ಆ ತಾಲ್ಲೂಕಿನ ಸಂಖ, ಉಮದಿ, ಮಾಡಗ್ಯಾಳದಿಂದ ಹೊರಟ ಒಂದು ಒತ್ತು ಮುಂಬೈ ದಾಟಿ, ಸಮುದ್ರದಡಿಯ ತಂತಿ ಹಿಡಿದು, ಯುರೋಪಿಗೋ ಜಪಾನಿಗೋ ಹೋಗಿ ಬರಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಮುಂಬೈಯಿಂದ ಜರ್ಮನಿಗೆ ನೇರ ಗೆರೆ ಎಳೆದರೂ ಆರೂವರೆ ಸಾವಿರ ಕಿಲೋಮೀಟರ್ ಆದೀತು, ಹೋಗಿ ಬರಲು ಸೆಕೆಂಡಿನ ಸಾವಿರ ಪಾಲುಗಳಲ್ಲಿ 65 ಬೇಕೇ ಬೇಕು. ತಂತಿ ನೇರ ಗೆರೆಯಲ್ಲಿ ಓಡುವುದಿಲ್ಲ, ದಾರಿಯಲ್ಲಿ ಕವಲುಗಳೂ ಇವೆ, ಹಾಗಾಗಿ ನಿಜದ ವಿಳಂಬ ಇದಕ್ಕಿಂತ ಬಹಳ ಹೆಚ್ಚು. ಗುಂಡಿಕ್ಕುವ ಆಟಗಳಲ್ಲಿ ಇಷ್ಟು ತಡವಾದರೆ ಸೋಲು ಖಂಡಿತ.

ಪಾತ್ರಧಾರಿ ಆಟಗಳು ಇಲ್ಲಿ ಉದಾರಿಗಳು. ಒಂದು ಪಟ್ಟು ಹಾಕಿದ ಮೇಲೆ ಮುಂದಿನದಕ್ಕೆ ಕಾಯಬೇಕಾದ ಬಿಡುವು ‘ವರ್ಲ್ಡ್ ಆಫ್ ವಾರ್‌ಕ್ರಾಫ್ಟ್’ನಲ್ಲಿ ಸಾಮಾನ್ಯವಾಗಿ ಒಂದೂವರೆ ಸೆಕೆಂಡು, ‘ಫೈನಲ್ ಫ್ಯಾಂಟಸಿ 14’ರಲ್ಲಿ ಎರಡೂವರೆ. ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’ ಇಡೀ ಲೋಕವನ್ನೇ 0.6 ಸೆಕೆಂಡಿನ ತಾಳಕ್ಕೆ ನಡೆಸುತ್ತದೆ. ಎರಡೂವರೆ ಸೆಕೆಂಡಿನಲ್ಲಿ ಟ್ರಿಗರ್ ಹಿಡಿದು ಗುಂಡಿ ಒತ್ತಲು ಬೇಕಾದಷ್ಟು ಸಮಯವಿದೆ. ಕಂಟ್ರೋಲರ್ ಹಿಡಿದವರು ಕೀಲಿಮಣೆಯವರಿಗಿಂತ ನಿಧಾನ ಎಂಬ ವಾದ ಶೂಟಿಂಗ್ ಆಟಗಳಿಂದ ಎರವಲು ತಂದದ್ದು, ಇಲ್ಲಿ ಅದಕ್ಕೆ ತೂಕ ಕಡಿಮೆ. ಬ್ಲೂಟೂತಿನ ಕೆಲವೇ ಮಿಲಿಸೆಕೆಂಡುಗಳ ತಡವೂ ಸಮುದ್ರದಡಿಯ ತಂತಿಯ ಎದುರು ಲೆಕ್ಕಕ್ಕಿಲ್ಲ. ಕಂಪ್ಯೂಟರಿನ ಪಕ್ಕದಲ್ಲೇ ಇಟ್ಟರೂ ಬ್ಲೂಟೂತ್ ಆಗಾಗ ಕಡಿದುಹೋದರೆ ಅದು ಬೇರೆ ರೋಗ.

ಮಾತಿನ ವಿಚಾರದಲ್ಲಿ ಮಾತ್ರ ಕಂಟ್ರೋಲರ್ ಇಂದಿಗೂ ಮೂಕ. ತೆರೆಯ ಮೇಲಿನ ಅಕ್ಷರಗಳನ್ನು ಸ್ಟಿಕ್‌ನಿಂದ ಒಂದೊಂದಾಗಿ ಹೆಕ್ಕಿ ವಾಕ್ಯ ಕಟ್ಟುವಷ್ಟರಲ್ಲಿ ಕಾಳಗವೇ ಮುಗಿದಿರುತ್ತದೆ. ಇದನ್ನು ಮೊದಲು ಎದುರಿಸಿದ್ದು ಕನ್ಸೋಲಿಗೆಂದು ಬಂದ ಸೆಗಾದ ‘ಫ್ಯಾಂಟಸಿ ಸ್ಟಾರ್ ಆನ್‌ಲೈನ್’. 2000ದ ಡಿಸೆಂಬರಿನಲ್ಲಿ ಜಪಾನಿನಲ್ಲಿ ಹೊರಬಂದ ಆ ಆಟದಲ್ಲಿ ಸಿದ್ಧ ಮಾತುಗಳ ಪಟ್ಟಿ ಇತ್ತು. ಒಬ್ಬರು ಜಪಾನಿಯಲ್ಲಿ ಆರಿಸಿದ ವಾಕ್ಯ ಎದುರಿನವರ ತೆರೆಯಲ್ಲಿ ಅವರ ಭಾಷೆಯಲ್ಲಿ ಮೂಡುತ್ತಿತ್ತು. ‘ಫೈನಲ್ ಫ್ಯಾಂಟಸಿ 11’ ಇದೇ ಉಪಾಯವನ್ನು ಬೆಳೆಸಿತು. ಈ ಪಟ್ಟಿಗಳಲ್ಲಿ ಕನ್ನಡ ಎಂದೂ ಬರಲಿಲ್ಲ. ಎಷ್ಟೋ ಆಟಗಳ ಅಕ್ಷರಗಣದಲ್ಲಿ ಕನ್ನಡ ಲಿಪಿಯೇ ಇಲ್ಲದ್ದರಿಂದ ಬೆರಳಚ್ಚು ಮಾಡಿದರೂ ಖಾಲಿ ಚೌಕಗಳು ಕಾಣುತ್ತವೆ. ಕನ್ನಡಿಗರು ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುಕೊಂಡು ಕೆಲಸ ಸಾಗಿಸುತ್ತಾರೆ.

ಜತ್ತ ತಾಲ್ಲೂಕಿನ ಪೂರ್ವದ ಊರುಗಳ ಹುಡುಗರಿಗೆ ಇಂಗ್ಲಿಷ್ ಅಕ್ಷರಗಳ ಈ ಕನ್ನಡ ಭಾಷೆಯ ನಾಲ್ಕನೆಯ ವೇಷ. ಮನೆಯಲ್ಲಿ ಕನ್ನಡ, ಕಚೇರಿ–ಪೇಟೆಯಲ್ಲಿ ಮರಾಠಿ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗೆ ಹೋಗುವವರು ಪುಣೆಯ ಬಾಲಭಾರತಿ ಅಚ್ಚು ಹಾಕಿದ ಕನ್ನಡ ಪಠ್ಯ ಓದುತ್ತಾರೆ, ಆಟದೊಳಗೆ ಇಂಗ್ಲಿಷ್. ಬೆರಳಚ್ಚಿನ ಈ ತಾಪತ್ರಯ ತಪ್ಪಿಸಲು ಗುಂಪಿನವರು ಡಿಸ್ಕಾರ್ಡ್‌ನಂಥ ಕಡೆ ಧ್ವನಿಯಲ್ಲೇ ಮಾತಾಡಿಕೊಳ್ಳುವುದು ಸದ್ಯಕ್ಕೆ ಎಲ್ಲಕ್ಕಿಂತ ಸಲೀಸಾದ ದಾರಿ. ಧ್ವನಿಗೆ ಲಿಪಿಯ ಹಂಗಿಲ್ಲ. ಅಪರಿಚಿತರೊಡನೆ ಬರೆದೇ ಮಾತಾಡಬೇಕಾದಾಗ ಮಗ್ಗುಲಲ್ಲೊಂದು ಪುಟ್ಟ ವೈರ್‌ಲೆಸ್ ಕೀಲಿಮಣೆ ಇಟ್ಟುಕೊಂಡರೆ ಸಾಕು. ಕಂಟ್ರೋಲರ್ ತಂದವರು ಕೀಲಿಮಣೆಯನ್ನು ಮಾರಿಬಿಡಬೇಕು ಎಂದೇನೂ ಇಲ್ಲವಲ್ಲ.

ಹಳ್ಳಿಗಳಲ್ಲಿ ಆಟದ ಯಂತ್ರವೆಂದರೆ ಬಹುಪಾಲು ಮೊಬೈಲೇ. ಆಂಡ್ರಾಯ್ಡ್ ಫೋನು ಬ್ಲೂಟೂತ್ ಕಂಟ್ರೋಲರನ್ನು ಗುರುತಿಸುತ್ತದೆ, ಆದರೆ ಆಟ ಒಪ್ಪಬೇಕು. ಮೊಬೈಲಿಗೆ ಬಂದ ಕಂಪ್ಯೂಟರ್ ಆಟಗಳಲ್ಲಿ 2018ರ ‘ಓಲ್ಡ್ ಸ್ಕೂಲ್ ರೂನ್‌ಸ್ಕೇಪ್’, 2021ರ ‘ಆಲ್ಬಿಯನ್ ಆನ್‌ಲೈನ್’ ಹೆಸರಾದವು. ಎರಡರಲ್ಲೂ ಕಂಪ್ಯೂಟರಿನ ಖಾತೆಯನ್ನೇ ಫೋನಿನಲ್ಲಿ ಮುಂದುವರಿಸಬಹುದು. ರೂನ್‌ಸ್ಕೇಪ್ ಅಡಿಯಿಂದ ಮುಡಿಯವರೆಗೆ ಬೊಟ್ಟು ಮಾಡಿ ಆಡುವ ಆಟ, ಅದಕ್ಕೆ ಬೆರಳೇ ಮೇಲು. ಅಲ್ಲಿ ಕಂಟ್ರೋಲರ್ ತಂದರೆ ಮೌಸಿಗೆ ಕೋಲು ಕಟ್ಟಿದಂತೆ. ಗಾಜಿನ ಮೇಲಿನ ಜಾಗಗಳನ್ನು ಕಂಟ್ರೋಲರಿನ ಗುಂಡಿಗಳಿಗೆ ಕಟ್ಟುವ ಹೊರಗಿನ ಆ್ಯಪ್‌ಗಳಿವೆ. ಅವು ಫೋನಿನ ಒಳಗಿನ ವಿಶೇಷ ಅನುಮತಿ ಬೇಡುತ್ತವೆ, ಕೆಲವು ಆಟಗಳು ಅವನ್ನು ಮೋಸವೆಂದು ಎಣಿಸಿ ಖಾತೆ ಮುಚ್ಚುವುದೂ ಉಂಟು. ಅಂಥ ಆ್ಯಪ್‌ಗಳ ಗೊಡವೆಗೆ ಹೋಗದಿರುವುದೇ ಲೇಸು.

ಮೋಸದ ಪ್ರಶ್ನೆ ಕಂಪ್ಯೂಟರಿನಲ್ಲೂ ಇದೆ. ಕೀಗಳನ್ನು ಗುಂಡಿಗಳಿಗೆ ಬದಲಿಸುವುದಕ್ಕೆ ಹೆಚ್ಚಿನ ಪಾತ್ರಧಾರಿ ಆಟಗಳ ಅಭ್ಯಂತರವಿಲ್ಲ. ಅವು ಗೆರೆ ಎಳೆಯುವುದು ಒಂದು ಒತ್ತಿಗೆ ಒಂದು ಕೆಲಸ ಎಂಬಲ್ಲಿ. ‘ಗಿಲ್ಡ್ ವಾರ್ಸ್ 2’, ‘ರೂನ್‌ಸ್ಕೇಪ್’ ಎರಡರ ನಿಯಮವೂ ಸ್ಥೂಲವಾಗಿ ಹೀಗೆಯೇ ಇದೆ. ಅಗ್ಗದ ಕಂಟ್ರೋಲರುಗಳಲ್ಲಿ ‘ಟರ್ಬೊ’ ಎಂಬ ಗುಂಡಿ ಇರುತ್ತದೆ. ಅದನ್ನು ಚಾಲೂ ಮಾಡಿದರೆ ಬೆರಳು ಹಿಡಿದಷ್ಟು ಹೊತ್ತೂ ಗುಂಡಿ ತಾನೇ ಪಟಪಟನೆ ಒತ್ತಿಕೊಳ್ಳುತ್ತದೆ. ಹಳೆಯ ಟಿವಿ ಗೇಮಿನಲ್ಲಿ ಇದು ಮೆರೆಯುವ ಸೌಲಭ್ಯವಾಗಿತ್ತು, ಇಲ್ಲಿ ಖಾತೆ ಕಳೆಯುವ ದಾರಿ. ಒಂದೇ ಗುಂಡಿಗೆ ಐದು ಪಟ್ಟುಗಳನ್ನು ಸಾಲಾಗಿ ಕಟ್ಟುವುದೂ ಅದೇ ಸಾಲಿಗೆ ಸೇರುತ್ತದೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಕಟ್ಟಿ ಹಣ ಗೆಲ್ಲುವ ಆಟಗಳನ್ನು. ತಿಂಗಳ ಚಂದಾ ಕೊಟ್ಟು ಆಡುವ ಪಾತ್ರಧಾರಿ ಆಟಗಳು ಆ ಬಲೆಗೆ ಬೀಳುವುದಿಲ್ಲ.

ಕಂಟ್ರೋಲರ್ ಕೆಲವರಿಗೆ ಇಷ್ಟದ ಮಾತು, ಕೆಲವರಿಗೆ ಅನಿವಾರ್ಯ. ಹೊಲದ ಕೆಲಸ ಮಾಡಿದ ಕೈಯೋ ದಿನವಿಡೀ ಕಚೇರಿಯ ಕೀಲಿಮಣೆ ಕುಟ್ಟಿದ ಕೈಯೋ ರಾತ್ರಿ ಮತ್ತೆ ಮೇಜಿನ ಅಂಚಿಗೆ ಮಣಿಕಟ್ಟು ಊರಲು ಒಪ್ಪುವುದಿಲ್ಲ. ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿ ಆಡಬಹುದು. ಒಂದೇ ಕೈ ಉಳ್ಳವರಿಗೆ, ಬೆರಳುಗಳಲ್ಲಿ ಬಲವಿಲ್ಲದವರಿಗೆ 104 ಕೀಗಳು ಮುಚ್ಚಿದ ಬಾಗಿಲೇ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್, ಸೋನಿ 2023ರಲ್ಲಿ ತಂದ ಆ್ಯಕ್ಸೆಸ್ ಕಂಟ್ರೋಲರ್ ಇವರಿಗಾಗಿಯೇ ಇವೆ. ಅಡಾಪ್ಟಿವ್ ಕಂಟ್ರೋಲರಿನಲ್ಲಿ ಅಂಗೈಯಿಂದ ಒತ್ತಬಹುದಾದ ಎರಡು ದೊಡ್ಡ ಗುಂಡಿಗಳಿವೆ. ಬೆನ್ನಿನ ರಂಧ್ರಗಳಿಗೆ ಕಾಲಿನಿಂದ ತುಳಿಯುವ, ಮೊಣಕೈಯಿಂದ ತಳ್ಳುವ ಬೇರೆ ಸ್ವಿಚ್‌ಗಳನ್ನು ಚುಚ್ಚಬಹುದು. ಪದರಗಳ ಕಾಗುಣಿತ ಬರೆಯಲು ಬರುವ ಆಟದಲ್ಲಿ ನಾಲ್ಕೈದು ಸ್ವಿಚ್‌ಗಳೂ ಸಾಕಷ್ಟು ದೂರ ಒಯ್ಯುತ್ತವೆ. ಕಂಟ್ರೋಲರಿಗೆ ಬಾಗಿಲು ತೆರೆಯದ ಆಟಗಳು ಇವರನ್ನೂ ಹೊರಗಿಟ್ಟಂತೆ.

ಕೊಂಡ ಮೇಲೆ ಕಾಪಾಡುವ ಕೆಲಸ ಉಳಿಯುತ್ತದೆ. ಸಾಮಾನ್ಯ ಸ್ಟಿಕ್‌ನ ಬುಡದಲ್ಲಿ ಇಂಗಾಲದ ಪಟ್ಟಿಯ ಮೇಲೆ ಉಜ್ಜುತ್ತ ಸಾಗುವ ಒಂದು ಸಂಪರ್ಕವಿರುತ್ತದೆ. ರೇಡಿಯೋದ ಹಳೆಯ ಧ್ವನಿ ತಿರುಗಣೆಯಲ್ಲಿ ಇರುತ್ತಿದ್ದದ್ದೂ ಇದೇ. ಅದು ಸವೆದಾಗ, ಧೂಳು ಸೇರಿದಾಗ ಕೈ ತಾಗಿಸದಿದ್ದರೂ ಪಾತ್ರ ಒಂದು ಪಕ್ಕಕ್ಕೆ ಮೆಲ್ಲಗೆ ಜಾರತೊಡಗುತ್ತದೆ. ಮಳೆ ಕಡಿಮೆಯಾಗಿ, ಬೇಸಗೆಯಿಡೀ ಗಾಳಿಯೊಂದಿಗೆ ಮಣ್ಣು ಏಳುವ ಜತ್ತದ ಬಯಲಿನಂಥ ಕಡೆ ಕಂಟ್ರೋಲರನ್ನು ಬಟ್ಟೆ ಸುತ್ತಿ ಡಬ್ಬಿಯಲ್ಲಿಡುವುದು ಅತಿ ಎಚ್ಚರವೇನಲ್ಲ. ಜಾರು ಸ್ವಲ್ಪವಿದ್ದರೆ ತಂತ್ರಾಂಶದಲ್ಲಿ ‘ಡೆಡ್‌ಜೋನ್’ ಹೆಚ್ಚಿಸಬಹುದು, ಅಂದರೆ ನಡುವಿನ ಸಣ್ಣ ಅಲುಗಾಟವನ್ನು ಆಟ ಗಮನಿಸದಂತೆ ಮಾಡಬಹುದು. ಅಯಸ್ಕಾಂತದಿಂದ ಕೆಲಸ ಮಾಡುವ ‘ಹಾಲ್ ಎಫೆಕ್ಟ್’ ಸ್ಟಿಕ್‌ಗಳಲ್ಲಿ ಉಜ್ಜುವ ಭಾಗವೇ ಇಲ್ಲದ್ದರಿಂದ ಈ ಸವೆತವಿಲ್ಲ, ಈಗ ಮಧ್ಯಮ ಬೆಲೆಯಲ್ಲೂ ಅವು ಸಿಗುತ್ತವೆ. ಅಂಗಡಿಯಲ್ಲಿ ಕೊಳ್ಳುವವರು ಲ್ಯಾಪ್‌ಟಾಪಿಗೆ ಜೋಡಿಸಿ, ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿ ತೆರೆದು, ಎರಡೂ ಸ್ಟಿಕ್ ಬಿಟ್ಟಾಗ ಚುಕ್ಕೆ ನಡುವಿಗೆ ಬಂದು ನಿಲ್ಲುತ್ತದೆಯೇ ಎಂದು ನೋಡಿಯೇ ಹಣ ಕೊಡಬೇಕು.